ನಾನೂರು ಸಾಲು ನನ್ನದು, ಒಂದು ಸಾಲು ಅವಳದು

ಇಂದಿರಾನಗರದ ನಮ್ಮ ಆಫೀಸಿನಲ್ಲಿ ನಾನು ಬರೆದ ಕೋಡಿನಿಂದ ನನ್ನ ಹೆಸರು ಅಳಿಸಿ ಶಿವಲೀಲಾ ಹೆಸರು ಹಾಕಿದರು. ಬಸ್ಸುಗಳ ವೇಳಾಪಟ್ಟಿಯ ನಿಯಮಗಳು ಪ್ರೊಲಾಗ್ ಎಂಬ ಕಂಪ್ಯೂಟರ್ ಭಾಷೆಯಲ್ಲಿದ್ದವು, ಲೆಕ್ಕಾಚಾರ ಸಿ ಭಾಷೆಯಲ್ಲಿತ್ತು. ಎರಡನ್ನೂ ಜೋಡಿಸುವ ನಾನೂರು ಸಾಲು ನನ್ನವು. ಕಾಲೇಜಿನ ಮುಖ ನೋಡದೆ ಕಲಿತು ಬರೆದವು. ಆದರೆ ಎರಡನೇ ಬಸ್ಸಿಗೆ ಬಂದ ಕೂಡಲೇ ಪ್ರೋಗ್ರಾಂ ಕ್ರ್ಯಾಶ್ ಆಗುತ್ತಿತ್ತು.

ಧಾರವಾಡದಿಂದ ಹೊಸದಾಗಿ ಬಂದಿದ್ದ ಶಿವಲೀಲಾ ಇಣುಕಿ ನೋಡಿದಳು.

"ಪ್ರೊಲಾಗ್ ಮೆಮೊರಿಯೊಳಗ ತೋರಿಸಿದ ಜಾಗಾನ ಹಿಡ್ಕೊಂಡು ಕೂತೀರಲ್ರೀ ಸರ್. ತನ್ನ ಕೆಲಸ ಮುಗಿದ ಮ್ಯಾಲೆ ಅದು ಆ ಜಾಗ ಅಳಿಸ್ತದ. ಅದರಾಗಿದ್ದದ್ದು ಮೊದಲ ಕಾಪಿ ಮಾಡಿ ಇಟ್ಕೋರಿ."

ಒಂದು ಸಾಲು ಸೇರಿಸಿದಳು. ಪ್ರೋಗ್ರಾಂ ಓಡಿತು. ಮ್ಯಾನೇಜರ್ ಚಪ್ಪಾಳೆ ತಟ್ಟಿ ಇಡೀ ಫೈಲನ್ನೇ ಅವಳ ಹೆಸರಿಗೆ ಮಾಡಿಬಿಟ್ಟ.

"ನಿಂದು ಒಂದೇ ಸಾಲು ಕಣಮ್ಮ, ಮಿಕ್ಕಿದ್ದೆಲ್ಲ ನಂದು" ಅಂದೆ.

"ಅದೊಂದು ಇಲ್ಲದ ನಿಮ್ಮ ನಾನೂರು ಓಡ್ತಿದ್ದವೇನ್ರಿ?" ಅಂದಳು.

ಆ ಸಾಲು ನನಗೇಕೆ ಹೊಳೆಯಲಿಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೂ ಕಳ್ಳತನ ಕಳ್ಳತನವೇ. ನಾಳೆ ನಿಮ್ಮ ಆಫೀಸಿನ ಫೈಲು ತೆರೆದು ಬರೆದವರೆಲ್ಲರ ಹೆಸರು ಹಾಕಿ. ಒಂದೇ ಸಾಲು ಬರೆದವರನ್ನೂ ಬಿಡಬೇಡಿ. ನನ್ನಂಥವರಿಗೆ ಉರಿದರೆ ಉರಿಯಲಿ.