ಕ್ರೀಟ್ ದ್ವೀಪಕ್ಕೆ ಹೋದ ಮುದ್ದೆ ಕೋಲು

ನನ್ನ ಹೆಂಡತಿ ಶಶಿರೇಖಾ ಮಳವಳ್ಳಿಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿಕೊಟ್ಟಳು. ಗ್ರೀಸ್ ದೇಶದ ಕ್ರೀಟ್ ದ್ವೀಪವೆಂದರೆ ಅವಳಿಗೆ ಹುಚ್ಚು. ಪುಸ್ತಕದಲ್ಲಿ ಎರಡು ಸಾಲಿದ್ದರೆ ಇವಳು ಎರಡು ಪಿರಿಯಡ್ ಮಾತಾಡುತ್ತಿದ್ದಳು. ಅಲ್ಲಿನ ಹಳೇ ಅರಮನೆಯ ರಾಣಿ ಕೋಣೆಯಲ್ಲಿ ನೀಲಿ ಡಾಲ್ಫಿನ್‌ಗಳನ್ನು ಬರೆದಿದ್ದಾರಂತೆ. ಆ ಚಿತ್ರವನ್ನು ಬ್ಲಫ್ ಎಂಬ ಪವರ್ ಹೌಸ್ ಕಾಲೊನಿಯ ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ಗೋಡೆಗೆ ಅಂಟಿಸಿದ್ದಳು. ಒಗ್ಗರಣೆ ಹೊಗೆಗೆ ಡಾಲ್ಫಿನ್‌ಗಳೆಲ್ಲ ಹಳದಿಯಾಗಿದ್ದವು.

ನಾನು ಪುಟ್ಟರಾಜು, ಪವರ್ ಹೌಸಿನಲ್ಲಿ ಆಪರೇಟರ್ ಆಗಿದ್ದವನು. ಹೋದ ವರ್ಷ ನಾನು ನಿವೃತ್ತಿಯಾದ ಮೇಲೆ ಅವಳೇ ಅಲ್ಲಿಗೆ ಟೂರ್ ಬುಕ್ ಮಾಡಿದಳು. ನನ್ನದು ಒಂದೇ ಷರತ್ತು.

“ಎಲ್ಲಿಗಾರ ಕರ್ಕೊಂಡೋಗು. ಒತ್ತೊತ್ತಿಗೆ ಮುದ್ದೆ ಮಾತ್ರ ಬೇಕು ಕಣಮ್ಮಿ.”

ನಾಲ್ಕು ಕೆಜಿ ರಾಗಿ ಹಿಟ್ಟು, ಕರೆಂಟು ಒಲೆ, ಮುದ್ದೆ ಕೋಲು ಎಲ್ಲ ಸೂಟ್‌ಕೇಸಿಗೆ ಹೋದವು. ಊರವರ ಮುಂದೆ ಅದನ್ನೇ ಜಂಬದಿಂದ ಹೇಳಿಕೊಂಡೆ, ಮೂರ್ಖ ನಾನು.

ಕ್ರೀಟಿನಲ್ಲಿ ಬೆಟ್ಟದ ತುಂಬ ಆಲಿವ್ ಮರ, ಕೆಳಗೆ ಸಮುದ್ರ. ಮೊದಲ ದಿನ ದಡದ ಹೋಟೆಲಿನಲ್ಲಿ ಕೆಂಡದ ಮೇಲೆ ಸುಟ್ಟ ಮೀನು ಕೊಟ್ಟರು. ಅವಳು ನಿಂಬೆ ಹಿಂಡಿಕೊಂಡು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು ತಟ್ಟೆ ನೂಕಿ, “ಉಪ್ಪಿಲ್ಲ, ಕಾರ ಇಲ್ಲ. ಏಳು, ರೂಮಿಗೋಗವ” ಅಂದೆ. ಎದ್ದು ಬಂದಳು.

ಮೂರನೇ ದಿನ ಅರಮನೆ. ಎಂಟಕ್ಕೆ ಬಸ್ಸು. ಅವಳು ಆರಕ್ಕೇ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ನನಗೆ ಹೊಟ್ಟೆ ಕೆಟ್ಟಿತ್ತು. ಬಿಸಿ ಮುದ್ದೆ, ಸೊಪ್ಪಿನ ಸಾರು ಆಗಲೇಬೇಕೆಂದು ಹಟ ಹಿಡಿದೆ. ಆ ಒಲೆಯಲ್ಲಿ ನೀರು ಕುದಿಯಲು ಬಹಳ ಹೊತ್ತು ಹಿಡಿಯಿತು. ಸೆರಗು ಸಿಕ್ಕಿಸಿಕೊಂಡು ಮುದ್ದೆ ತಿರುವಿದಳು. ಕೆಳಗೆ ಬಸ್ಸು ಹಾರನ್ ಹೊಡೆಯಿತು.

“ಮುದ್ದೆ ಆಯ್ತು. ಉಂಡ್ಕೊಂಡು ಮಲಗಿರಿ, ನಾನು ಓಗ್ಬುಟ್ ಬತ್ತೀನಿ” ಅಂದಳು.

“ಸಾರು ನಿಮ್ಮಪ್ಪ ಬಂದು ಮಾಡ್ತಾನಾ?” ಅಂದೆ.

ಬಸ್ಸು ಹೋಯಿತು. ಅವಳು ಸಾರಿಗೆ ಇಟ್ಟಳು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನುತ್ತಾರೆ. ನಾನು ಹಿಟ್ಟು ತಿಂದು ಕಿತ್ತದ್ದು ಹೆಂಡತಿಯ ಒಂದೇ ಒಂದು ಆಸೆಯನ್ನು.

ಸಂಜೆ ನಮ್ಮ ಜೊತೆ ಟೂರಿಗೆ ಬಂದಿದ್ದ ಮಂಡ್ಯದ ಮಲ್ಲಿಗಮ್ಮ ಫೋನಿನಲ್ಲಿ ತಾವು ತೆಗೆದ ಡಾಲ್ಫಿನ್ ಫೋಟೋ ತೋರಿಸಿದರು. ಇವಳು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿ, “ಎಷ್ಟ್ ನೀಲಿಯಾಗವೆ” ಅಂದಳು. ಆಗ ನನ್ನನ್ನು ಬೈದಿದ್ದರೆ ಇವತ್ತು ಬದುಕುವುದು ಸ್ವಲ್ಪ ಸುಲಭವಾಗುತ್ತಿತ್ತು.

ಊರಿಗೆ ಬಂದ ನಾಲ್ಕು ತಿಂಗಳಿಗೆ ಅವಳು ಹೃದಯಾಘಾತವಾಗಿ ಹೋಗಿಬಿಟ್ಟಳು, ಅದೂ ಅಡುಗೆಮನೆಯಲ್ಲೇ.

ಮೊನ್ನೆ ಮಾರ್ಲಾಮಿ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನೇ ಮಾಡಿ ಎಡೆಯಿಡುವುದು ನಮ್ಮ ಪದ್ಧತಿ. ಮದ್ದೂರಿನಿಂದ ಮಗಳು ಶೋಭಿತಾ ಬಂದಿದ್ದಳು.

“ಅಪ್ಪಾ, ಅಮ್ಮುಂಗೆ ಏನಿಷ್ಟ? ಏನ್ ಮಾಡ್ಲಿ?”

“ಮುದ್ದೆ” ಅಂದೆ.

“ಅದು ನಿಂಗಿಷ್ಟ ಕಣಪ್ಪ.”

ಮೂವತ್ತಾರು ವರ್ಷ ಅವಳ ಕೈಯಲ್ಲಿ ಉಂಡಿದ್ದೆ. ಎಷ್ಟು ಯೋಚಿಸಿದರೂ ಆ ಸಮುದ್ರದ ದಡ, ಕಣ್ಣು ಮುಚ್ಚಿ ತಿಂದ ಆ ಒಂದು ತುತ್ತು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ. ಆ ಮೀನು ಯಾವುದೆಂದು ನಾನು ಕೇಳಿರಲಿಲ್ಲ.