ಒಂದೇ ಕಡೆಗೆ ವಾಲಿದ ಜೋಡಿಗಳು

ಮೊನ್ನೆ ದಿಲ್ಲಿಯ ಲಕ್ಷ್ಮೀ ನಗರದಲ್ಲಿ ನನ್ನ ಸ್ಕೂಟಿಯ ಟಯರ್ ಕೈಕೊಟ್ಟಿತು. ಪಂಕ್ಚರ್ ಅಂಗಡಿಯ ಭಯ್ಯಾ ಟ್ಯೂಬನ್ನು ಹೊರಗೆಳೆದು ಉಜ್ಜತೊಡಗಿದಾಗ ಎದ್ದ ಆ ರಬ್ಬರಿನ ವಾಸನೆ... ನನ್ನ ಪಿಎಚ್‌ಡಿ ಗೈಡ್ ನೆನಪಾದರು. ಅವರನ್ನು ನಾವೆಲ್ಲ ಬರೀ ಮೇಡಂ ಎನ್ನುತ್ತಿದ್ದೆವು.

ಮೈಸೂರಿನವರು, ಮಯೂರ್ ವಿಹಾರದಲ್ಲಿ ಮನೆ. ನಮ್ಮ ಲ್ಯಾಬಿನ ಮೈಕ್ರೋಸ್ಕೋಪು ಗಾಜಿನ ಮೂಲಕ ನೋಡುವಂಥದ್ದಲ್ಲ. ಕಣ್ಣಿಗೆ ಕಾಣದಷ್ಟು ಚೂಪಾದ ಸೂಜಿಯೊಂದು ಸ್ಯಾಂಪಲ್ ಮೇಲೆ, ಕತ್ತಲಲ್ಲಿ ಗೋಡೆ ತಡವುವ ಕೈಯ ಹಾಗೆ, ತಡವುತ್ತ ಹೋಗುತ್ತಿತ್ತು. ಅದು ಏರಿಳಿದದ್ದೇ ಚಿತ್ರವಾಗುತ್ತಿತ್ತು. ಹತ್ತಿರದಲ್ಲಿ ಮೆಟ್ರೋ ಹಾದರೆ ಸಾಕು, ನೆಲ ಅದುರಿ ಚಿತ್ರ ಕಲಸಿಹೋಗುತ್ತಿತ್ತು. ಅದುರದಂಥ ಮೇಜು ತರಿಸಿಕೊಡಿ ಎಂದು ಆಫೀಸಿಗೆ ಕೇಳಿ ಕೇಳಿ ಸಾಕಾದ ಮೇಡಂ ಒಂದು ದಿನ ಇಂಥದೇ ಅಂಗಡಿಯಿಂದ ಹಳೆಯ ಸ್ಕೂಟರ್ ಟ್ಯೂಬುಗಳನ್ನು ನನ್ನ ಹೆಗಲಿಗೆ ಹೊರಿಸಿ ತಂದರು. ಅವಕ್ಕೆ ಗಾಳಿ ತುಂಬಿ, ಮೇಲೊಂದು ಕಡಪ ಕಲ್ಲಿಟ್ಟು, ಯಂತ್ರವನ್ನು ಕೂರಿಸಿದರು.

ಸಂಶೋಧನಾ ಪೇಪರಿನಲ್ಲಿ ಅಚ್ಚಾಗಿ ಮೇಡಂಗೆ ಹೆಸರು ತಂದಿದ್ದ ಚಿತ್ರವೊಂದು ಆಗಲೇ ಫ್ರೇಮಿನಲ್ಲಿ ಗೋಡೆಯೇರಿತ್ತು. ನಾವು ತಯಾರಿಸಿದ ಚಿನ್ನದ ಸೂಕ್ಷ್ಮ ಕಣಗಳು ಎರಡೆರಡಾಗಿ ಜೋಡಿಗೂಡುತ್ತವೆ ಎಂದು ತೋರಿಸಿದ ಚಿತ್ರ ಅದು. ನನ್ನ ಇಡೀ ಥೀಸಿಸ್ ನಿಂತದ್ದೂ ಆ ಜೋಡಿಗಳ ಮೇಲೆಯೇ. ಅವು ಕಾಣುತ್ತಿದ್ದದ್ದು ಒಂದೇ ಒಂದು ಸೂಜಿಯಲ್ಲಿ. ಬೇರೆ ಸೂಜಿ ಹಾಕಿದರೆ ಕಾಣುತ್ತಿರಲಿಲ್ಲ. ಅವೆಲ್ಲ ಮೊಂಡು ಎಂದು ಬದಿಗಿಡುತ್ತಿದ್ದೆವು. ಆ ಒಂದಕ್ಕೆ ಮಾತ್ರ ರಾಜಮರ್ಯಾದೆ. ಆಯುಧಪೂಜೆಗೆ ಅದರ ಡಬ್ಬಿಯ ಮುಚ್ಚಳಕ್ಕೆ ಕುಂಕುಮ ಇಡುತ್ತಿದ್ದವಳು ನಾನೇ.

ಟ್ಯೂಬಿನ ಮೇಲೆ ಕೂತ ಯಂತ್ರ ಮೊದಲ ಸಲ ನಿಚ್ಚಳವಾದ ಚಿತ್ರ ಕೊಟ್ಟಿತು. ನಾನು ಕುಣಿಯುವುದೊಂದು ಬಾಕಿ. ಮೇಡಂ ಮಾತ್ರ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡುತ್ತಲೇ ಇದ್ದರು. ಮಸುಕಿನಲ್ಲಿ ಗೊತ್ತಾಗದೇ ಇದ್ದದ್ದು ಈಗ ಎದ್ದು ಕಾಣುತ್ತಿತ್ತು. ಮದುವೆ ಫೋಟೋಗೆ ನಿಂತ ದಂಪತಿಗಳ ಹಾಗೆ ಜೋಡಿಗಳೆಲ್ಲ ಒಂದೇ ಕಡೆಗೆ ವಾಲಿದ್ದವು.

“ಸ್ಯಾಂಪಲ್ ತಿರುಗಿಸಿ ನೋಡೋಣ ಕಣೆ,” ಎಂದರು.

ಅಡ್ಡಕ್ಕಿದ್ದದ್ದನ್ನು ಉದ್ದಕ್ಕಿಟ್ಟೆ. ಕಣಗಳು ನಿಜವಾಗಿ ಜೋಡಿಯಾಗಿದ್ದರೆ ಅವೂ ಜೊತೆಗೇ ತಿರುಗಬೇಕಿತ್ತು. ತಿರುಗಲಿಲ್ಲ... ಮೊದಲಿನ ಕಡೆಗೇ ವಾಲಿ ನಿಂತಿದ್ದವು. ಅಂದರೆ ನಮ್ಮ ಮುದ್ದಿನ ಸೂಜಿಯ ತುದಿಯೇ ಮುರಿದು ಎರಡಾಗಿತ್ತು. ಒಂದೊಂದು ಕಣವನ್ನೂ ಎರಡೆರಡು ಸಲ ಮುಟ್ಟಿ ಜೋಡಿಯಾಗಿ ತೋರಿಸುತ್ತಿತ್ತು. ಮೊಂಡೆಂದು ಬೈಸಿಕೊಂಡ ಸೂಜಿಗಳು, ಪಾಪ, ಇದ್ದದ್ದನ್ನೇ ಹೇಳುತ್ತಿದ್ದವು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. “ಮೇಡಂ, ನನ್ನ ಥೀಸಿಸ್?”

“ಮತ್ತೆ ಮಾಡೋಣ. ಪೇಪರ್ ನಾಳೆನೇ ವಾಪಸ್ ತಗೋತೀನಿ. ಬೇರೆಯವರು ಬಂದು ಹೇಳೋವರೆಗೂ ಕಾಯೋಕೆ ನಂಗಾಗಲ್ಲ. ಚಲೋ, ಹೊಸ ಸೂಜಿ ಹಾಕು.”

ಹೇಳಿದಂತೆಯೇ ಮಾಡಿದರು. ಜನ ಹಿಂದಿನಿಂದ ಆಡಿಕೊಂಡರು, ಸಭೆಗಳಿಗೆ ಕರೆಯುವುದು ನಿಂತಿತು. ಮೇಡಂ ಚಿತ್ರವನ್ನು ತೆಗೆದರು, ಫ್ರೇಮನ್ನು ಮಾತ್ರ ಖಾಲಿಯಾಗಿ ಗೋಡೆಯಲ್ಲೇ ಬಿಟ್ಟರು. “ಜೋಡಿ ಆಗೋದೇ ಇಲ್ಲ ಅಂತಲ್ಲ, ನಾವಿನ್ನೂ ನೋಡಿಲ್ಲ, ಅಷ್ಟೇ,” ಎನ್ನುತ್ತಿದ್ದರು. ಅಲ್ಲಿಂದಾಚೆ ಯಾವ ಚಿತ್ರವಾದರೂ ಸ್ಯಾಂಪಲ್ ತಿರುಗಿಸಿ, ಸೂಜಿ ಬದಲಿಸಿ ಮತ್ತೊಮ್ಮೆ ತೆಗೆಯಲೇಬೇಕಿತ್ತು. ಸೂಜಿಯ ಸುಳ್ಳನ್ನು ಹಿಡಿಯುವುದು ಹೇಗೆಂಬುದೇ ಕೊನೆಗೆ ನನ್ನ ಥೀಸಿಸ್ ಆಯಿತು. ಅದು ಮುಗಿಯುವಷ್ಟರಲ್ಲಿ, ಮಗಳ ಮದುವೆ ತಡವಾಯಿತೆಂದು ನನ್ನಮ್ಮ ಮೇಡಂಗೆ ಹಾಕದ ಶಾಪವಿಲ್ಲ.

ಮೇಡಂ ನಿವೃತ್ತಿಯ ದಿನದವರೆಗೂ ಜೋಡಿಗಳನ್ನು ಹುಡುಕಿದರು. ಸಿಗಲಿಲ್ಲ. ಹೊರಡುವಾಗ ಆ ಖಾಲಿ ಫ್ರೇಮನ್ನು ನನ್ನ ಕೈಗಿತ್ತರು. ಮರುವರ್ಷವೇ ಹೋಗಿಬಿಟ್ಟರು...

ಟಯರ್ ಸರಿಮಾಡಿಸಿಕೊಂಡು ನೋಯ್ಡಾದ ನನ್ನ ಲ್ಯಾಬಿಗೆ ಹೋದೆ. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿಯೊಬ್ಬಳು ಅಲ್ಲಿ ನನ್ನ ವಿದ್ಯಾರ್ಥಿನಿ. ಅದೇ ಚಿನ್ನದ ಕಣಗಳನ್ನು ಹೊಸ ರೀತಿಯಲ್ಲಿ ತಯಾರಿಸಿದ್ದಳು. ಪರದೆಯ ಮೇಲೆ ಜೋಡಿಗಳಿದ್ದವು, ಒಂದೊಂದೂ ಒಂದೊಂದು ದಿಕ್ಕಿಗೆ. ಸ್ಯಾಂಪಲ್ ತಿರುಗಿಸಿದೆವು. ಜೋಡಿಗಳೂ ತಿರುಗಿದವು.

“ಮ್ಯಾಮ್, ಅಬ್ ತೋ ಪಕ್ಕಾ? ಪೇಪರ್ ಕಳಿಸಿಬಿಡ್ಲಾ?”

“ಹೊಸ ಸೂಜಿ ಹಾಕು,” ಎಂದೆ.

ಹೊಸ ಸೂಜಿಯೂ ಅದನ್ನೇ ಹೇಳಿತು. ಇವತ್ತು ಬೆಳಿಗ್ಗೆ ಆ ಚಿತ್ರವನ್ನು ಮೇಡಂ ಕೊಟ್ಟ ಫ್ರೇಮಿಗೆ ಹಾಕಿದೆ. ಹಾಕಿ, ಬಾಗಿಲು ಮುಚ್ಚಿಕೊಂಡು ಅತ್ತುಬಿಟ್ಟೆ. ಅವರಿದ್ದಿದ್ದರೆ ಗಾಜಿಗೆ ಮೂಗು ತಾಗಿಸಿ, ಯಾವುದು ಯಾವ ಕಡೆಗೆ ವಾಲಿದೆ ಎಂದು ಮೊದಲು ನೋಡುತ್ತಿದ್ದರು.