ಒಂದು ಹಾಳೆಯಷ್ಟು ಚಿಕ್ಕ ಬಟ್ಟಲು

ಸೂರ್ಯ ಇನ್ನೂ ಲಾಗಿನ್ ಆಗಿಲ್ಲ. ಅಂಗಡಿಯ ಹಿಂದಿನ ಕಿರಿದಾದ ಅಂಗಳದಲ್ಲಿ ರಿಜಿಸ್ಟರಕ್ಕ ಮಣೆ ಹಾಕಿಕೊಂಡು ಕೂತು, ತೋಳು ಮೇಲೇರಿಸಿ, ನೀಲಿ ಬಕೆಟ್ಟಿನೊಳಗೆ ಕೈಬಿಟ್ಟು ನಾದುತ್ತಿದ್ದಾರೆ. ಒಳಗಿರುವುದು ಹಿಟ್ಟಲ್ಲ, ಹೆಸರು. ಒಂದು ವರ್ಷದ ಹಿಂದೆ ಈ ಅಂಗಡಿಯ ಕಂಪ್ಯೂಟರುಗಳ ಮುಂದೆ ಕೂತೆದ್ದ ನಲವತ್ತು ಜನರ ಹೆಸರು, ವಿಳಾಸ, ಗುರುತಿನ ಚೀಟಿಯ ಸಂಖ್ಯೆ, ಬಂದ ಹೊತ್ತು, ಹೋದ ಹೊತ್ತು, ಸಹಿ, ಎಲ್ಲವೂ ನೀರು ಕುಡಿದು ಬೂದುಬಣ್ಣಕ್ಕೆ ತಿರುಗಿ ಬೆರಳ ಸಂದಿಯಲ್ಲಿ ಪಿಚಕ್ಕನೆ ಜಾರುತ್ತಿವೆ.

ಹೊಸ್ತಿಲ ಮೇಲೆ ಅತ್ತೆ, ಕೈಯಲ್ಲಿ ಚಹಾದ ಲೋಟ. ಎಪ್ಪತ್ತೆಂಟರ ವಯಸ್ಸು, ಹದ್ದಿನ ಕಣ್ಣು. ಅವರ ಕೆಲಸ ಸಾಕ್ಷಿ ಹೇಳುವುದು. ಸೊಸೆ ಹಾಳೆಯನ್ನು ನಾಲ್ಕು ತುಂಡು ಮಾಡಿ ನೆನೆಸಿದ್ದನ್ನೂ ಮರುದಿನ ನಾದಿದ್ದನ್ನೂ ಕಣ್ಣಾರೆ ಕಂಡು, ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಸಹಿ ಮಾಡುತ್ತಾರೆ. ಸಹಿ ಮಾಡುವ ಮೊದಲು ದಿನಾ ಒಂದೇ ಮಾತು: "ಊರವರ ಗುಟ್ಟೆಲ್ಲ ಇವಳ ಕೈಯಲ್ಲಿ ನುಣ್ಣಗಾಯ್ತು. ನನ್ನ ಮಗನ ಗುಟ್ಟೊಂದು ಮಾತ್ರ ಇವಳ ಕೈಗೆ ಸಿಗ್ಲಿಲ್ಲ."

"ನಿಮ್ಮ ಮಗನಿಗೆ ಗುಟ್ಟು ಇಟ್ಕೊಳ್ಳೋವಷ್ಟು ಜಾಗ ಎಲ್ಲಿದೆ ಅತ್ತೆ, ಹೊಟ್ಟೆ ತುಂಬ ಊಟಾನೇ" ಎನ್ನುತ್ತಾರೆ ಸೊಸೆ, ತಲೆ ಎತ್ತದೆ.

ರಿಜಿಸ್ಟರಕ್ಕ ಎಂಬುದು ಊರಿಟ್ಟ ಹೆಸರು. ಐವತ್ತೊಂದರ ಈ ಹೆಂಗಸು ನಡೆಸುವುದು ಆರು ಕಂಪ್ಯೂಟರುಗಳ ಇಂಟರ್ನೆಟ್ ಅಂಗಡಿ. ಅಪ್ಪನದು ಟೈಪಿಂಗ್ ತರಗತಿ. ಅರ್ಜಿ, ಅಹವಾಲು, ಕರಾರುಪತ್ರಗಳ ಖಟಖಟದ ನಡುವೆ ಬೆಳೆದ ಮಗಳಿಗೆ ಸರ್ಕಾರಿ ಭಾಷೆ ತೊಟ್ಟಿಲ ಜೋಗುಳದಷ್ಟೇ ಪರಿಚಿತ. ಟೈಪ್‌ರೈಟರುಗಳು ಮೂಲೆ ಸೇರಿದಾಗ ಅದೇ ಕೋಣೆಗೆ ಕಂಪ್ಯೂಟರು ತಂದರು. ಆಗ ದಿನಕ್ಕೆ ತೊಂಬತ್ತು ಜನ. ಬೆಂಚಿನ ಮೇಲೆ ಸರದಿ ಕಾಯುವವರ ನಡುವೆ ಎರಡು ಮದುವೆ ಕುದುರಿದ್ದೂ ಉಂಟು, ಒಂದು ಮುರಿದದ್ದೂ ಉಂಟು.

ಆಮೇಲೆ ಎಲ್ಲೋ ದೂರದ ಊರಿನಲ್ಲಿ ಬಾಂಬು ಸಿಡಿಯಿತು. ಭಯೋತ್ಪಾದನೆ ತಡೆಯುವ ಕಾನೂನು ಬಂತು; ಅದರ ಬಾಲ ಹಿಡಿದು ಇಂಟರ್ನೆಟ್ ಅಂಗಡಿಗಳ ನಿಯಮ ಬಂತು. ಯಾರೇ ಬರಲಿ ಗುರುತಿನ ಚೀಟಿ ನೋಡಬೇಕು, ಹೆಸರು ಬರೆಸಬೇಕು, ಯಾವ ಕಂಪ್ಯೂಟರಿನಲ್ಲಿ ಎಷ್ಟರಿಂದ ಎಷ್ಟರವರೆಗೆ ಎಂದು ದಾಖಲಿಸಬೇಕು. ಹೊರಗಿನ ಲೋಕಕ್ಕೆ ಆ ಅಂಗಡಿಯ ಆರು ಕಂಪ್ಯೂಟರುಗಳದ್ದೂ ಒಂದೇ ವಿಳಾಸ. ಒಳಗೆ ಯಾರು ಎಲ್ಲಿ ಕೂತಿದ್ದರು ಎಂದು ಹೇಳಬಲ್ಲದ್ದು ಹಾಳೆ ಒಂದೇ.

ರಿಜಿಸ್ಟರು ಮೇಜಿಗೆ ಬಂದ ವಾರವೇ ಜನ ಬಾಗಿಲಿನಿಂದಲೇ ಹಿಂತಿರುಗತೊಡಗಿದರು. ತಪ್ಪು ಮಾಡಿದವರಲ್ಲ. ಯಾರಿಗೂ ಹೇಳಲಾಗದ ಕಾಯಿಲೆಯ ಬಗ್ಗೆ ಓದಲು ಬರುತ್ತಿದ್ದ ಗೃಹಸ್ಥರು. ಗಂಡನಿಗೆ ತಿಳಿಯದಂತೆ ವಕೀಲರನ್ನು ಹುಡುಕುತ್ತಿದ್ದಾಕೆ. ಕೆಲಸದಲ್ಲಿದ್ದುಕೊಂಡೇ ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಗುಮಾಸ್ತ. ನೆಟ್ಟಗೆ ಬದುಕುವವರಿಗೇ ನೆಟ್ಟಿನ ಭಯ ಹತ್ತಿತು. ತೊಂಬತ್ತು ಇಪ್ಪತ್ತಕ್ಕಿಳಿಯಿತು. ಬೀದಿಯಲ್ಲಿದ್ದ ಐದು ಅಂಗಡಿಗಳಲ್ಲಿ ನಾಲ್ಕು ಬಾಗಿಲು ಹಾಕಿದವು.

ಉಳಿದವರೆಲ್ಲ ನಿಯಮದ ಮೊದಲ ಪುಟ ಓದಿ ನಿಟ್ಟುಸಿರುಬಿಟ್ಟರೆ ಟೈಪಿಂಗ್ ಮೇಷ್ಟರ ಮಗಳು ಹನ್ನೊಂದೂ ಪುಟ ಓದಿದರು. ಎಂಟನೆಯ ಪುಟದಲ್ಲಿ ಎರಡು ಸಾಲು ಸಿಕ್ಕವು. ಲಿಖಿತ ಆದೇಶವಿಲ್ಲದೆ ದಾಖಲೆಯನ್ನು ಯಾರಿಗೂ ತೋರಿಸತಕ್ಕದ್ದಲ್ಲ. ದಾಖಲೆಯನ್ನು ಒಂದು ವರ್ಷ ಕಾಪಾಡತಕ್ಕದ್ದು.

"ಒಂದು ವರ್ಷ ಅಂದಿದೆ. ಒಂದು ವರ್ಷದ ಮೇಲೆ ಒಂದು ದಿನ ಅಂತ ಇಲ್ಲ. ಇಡು ಅಂದಷ್ಟು ದಿನ ಇಡ್ತೀನಿ, ಆಮೇಲೆ ಅದು ನಮ್ಮ ಗಿರಾಕಿಗಳದ್ದು" ಎನ್ನುತ್ತಾರೆ ಅಕ್ಕ.

ಆ ಎರಡು ಸಾಲುಗಳ ಮೇಲೆ ಹದಿನೆಂಟು ವರ್ಷಗಳ ಪದ್ಧತಿ ನಿಂತಿದೆ. ಹೊಲಿದ ರಿಜಿಸ್ಟರಿಲ್ಲ, ದಿನಕ್ಕೊಂದು ಬಿಡಿ ಹಾಳೆ. ಸಂಜೆ ಅಂದಿನ ಹಾಳೆ ಟ್ರಂಕಿನಲ್ಲಿರುವ ಹಾಳೆಗಳ ಕಟ್ಟಿನ ಮೇಲೆ ಸೇರುತ್ತದೆ, ಬೆಳಗ್ಗೆ ಅಡಿಯ ಹಾಳೆ ಬಕೆಟ್ಟಿಗಿಳಿಯುತ್ತದೆ. ರಜೆಯ ದಿನಕ್ಕೂ ಹಾಳೆ ಉಂಟು, ಅದರ ಮೇಲೆ 'ರಜೆ' ಎಂದಷ್ಟೇ ಬರಹ. ಹಾಗಾಗಿ ಟ್ರಂಕಿನಲ್ಲಿ ಹಗಲು ಯಾವಾಗ ಎಣಿಸಿದರೂ ಮುನ್ನೂರ ಅರವತ್ತೈದು. ಮೊದಲು ಸುಡುತ್ತಿದ್ದರು, ಅರೆಸುಟ್ಟ ಚೂರೊಂದು ಯಾರದೋ ಹೆಸರು ಹೊತ್ತು ಎದುರುಮನೆಯ ಕಿಟಕಿಗೆ ಹಾರಿದ ಮೇಲೆ ನೆನೆಸಿ ನಾದುವ ಉಪಾಯ ಅತ್ತೆಯದು. ಒಂದು ತಿಂಗಳ ಕಾಗದದ ಹಿಟ್ಟಿಗೆ ಒಂದು ಬಟ್ಟಲಾಗುತ್ತದೆ. ಅಂಗಡಿಯ ತುಂಬ ಬಟ್ಟಲು. ಹೆಡ್‌ಫೋನುಗಳು ಒಂದು ಜೂನ್‌ನಲ್ಲಿ ಮಲಗಿವೆ, ಕ್ಲಿಪ್ಪುಗಳು ಒಂದು ಅಕ್ಟೋಬರಿನಲ್ಲಿ.

ಪದ್ಧತಿ ಸುಲಭವಾಗಿ ನೆಲೆಯೂರಲಿಲ್ಲ. ಬೀದಿಯಲ್ಲಿ ಹೋಗುವ ಪೇದೆ ಒಳಗೆ ಬಂದು "ಸುಮ್ನೆ ನೋಡೋಣ, ಯಾರ್ಯಾರು ಬಂದಿದ್ರು" ಎಂದು ಕೈ ಚಾಚುತ್ತಿದ್ದ. ಒಬ್ಬ ತಾಯಿ ಮಗಳು ಯಾರ ಜೊತೆ ಹರಟುತ್ತಾಳೆಂದು ತಿಳಿಯಲು ಬಂದಿದ್ದರು. ಎಲ್ಲರಿಗೂ ಒಂದೇ ಉತ್ತರ: ಕಾಗದ ತನ್ನಿ. ಕಾಗದ ಕೇಳಿದ್ದಕ್ಕೆ ಒಮ್ಮೆ ಮೂರು ದಿನ ಅಂಗಡಿಗೆ ಬೀಗ ಬಿತ್ತು. ನಾಲ್ಕನೆಯ ದಿನ ತೆಗೆದಾಗ, ಹಿಂದೆ ಬಾಗಿಲಿನಿಂದಲೇ ಹಿಂತಿರುಗಿದ್ದ ಕಾಯಿಲೆಯ ಗೃಹಸ್ಥರು ಬಂದು ಬೆಂಚಿನ ಮೇಲೆ ಕೂತರು. ಮಾತು ಹರಡಿತು. ಈಗ ದಿನಕ್ಕೆ ನಲವತ್ತು ಜನ. ಜೇಬಿನಲ್ಲಿ ಫೋನಿರುವವರೂ ಬರುತ್ತಾರೆ, ಏಕೆಂದರೆ ಮನೆಯ ಫೋನಿಗೆ ಮನೆಮಂದಿಯೆಲ್ಲ ವಾರಸುದಾರರು.

ಆ ನಲವತ್ತರಲ್ಲಿ ಬಡಗಿಯೂ ಒಬ್ಬರು. ಕಿವಿಯ ಮೇಲೆ ಪೆನ್ಸಿಲ್ಲು, ಕಿಸೆಯಲ್ಲಿ ದೂರು. ಬೀದಿಯ ನೀರಿನ ಟ್ಯಾಂಕಿನ ಕಂಬ ಬಿರುಕುಬಿಟ್ಟಿದೆ ಎಂದು ಇಲಾಖೆಗೆ ಹನ್ನೊಂದು ಸಲ ಬರೆದಿದ್ದಾರೆ. ಕಾನೂನು ಬಂದ ಮೇಲೆ ಅವರಿಗೂ ಅಳುಕು; ನಾಲ್ಕನೆಯ ಕಂಪ್ಯೂಟರಿನಿಂದ ಕತ್ತು ಹೊರಳಿಸಿ, ಟ್ಯಾಂಕು ಬೀಳುತ್ತೆ ಅಂತ ಬರೆದರೆ ಬೀಳಿಸ್ತೀನಿ ಅಂತ ಓದಿಕೊಳ್ಳುತ್ತಾರಾ ಎಂದು ಕೇಳುತ್ತಿದ್ದರಂತೆ. ಹಾಗೆಲ್ಲ ಓದೋಷ್ಟು ಗಮನ ಕೊಟ್ಟು ಓದಿದ್ದರೆ ಮೊದಲನೇ ದೂರಿಗೇ ಕಂಬ ರಿಪೇರಿ ಆಗ್ತಿತ್ತು ಎಂದು ಅಕ್ಕ ಸಮಾಧಾನ ಹೇಳಿದ್ದರು.

ಈ ವರ್ಷ ಮಾರ್ಚ್ ಹತ್ತರ ಬೆಳಗ್ಗೆ ಆ ಸಮಾಧಾನಕ್ಕೆ ಕುತ್ತು ಬಂತು. ಹತ್ತು ಗಂಟೆಗೆ ಫೈಲು ಹಿಡಿದ ಸಾಹೇಬರೊಬ್ಬರು ಇಬ್ಬರು ಪೇದೆಗಳೊಂದಿಗೆ ಒಳಬಂದರು. ಮೂಗಿನಿಂದಲೇ ಹೊರಡುವ ದನಿ. ಪ್ರತಿ ಮಾತೂ ಬೇರೆ ಯಾರೋ ಹೇಳಿದ್ದೆಂಬಂತೆ 'ಅಂತ ಇದೆ' ಎಂಬಲ್ಲಿಗೆ ಮುಗಿಯುತ್ತದೆ. ಹೋದ ವರ್ಷ ಇದೇ ದಿನ ಸಂಜೆ ನಾಲ್ಕಕ್ಕೆ, ನೀರಿನ ಟ್ಯಾಂಕು ಉಡಾಯಿಸುತ್ತೇವೆಂಬ ಸಂದೇಶ ಈ ಅಂಗಡಿಯ ಇಂಟರ್ನೆಟ್ ವಿಳಾಸದಿಂದ ಹೋಗಿದೆ ಅಂತ ಇದೆ. ಟ್ಯಾಂಕಿನ ಮೇಲೆ ಸಿಟ್ಟಿದ್ದ ಬಡಗಿಯನ್ನು ನಿನ್ನೆ ಸಂಜೆಯಿಂದ ಠಾಣೆಯಲ್ಲಿ ಕೂರಿಸಲಾಗಿದೆ ಅಂತ ಇದೆ. ಫೈಲು ಮೇಜಿಂದ ಮೇಜಿಗೆ ತೆವಳಿ ವರ್ಷ ಕಳೆದಿದೆ. ನಿಯಮದ ಪ್ರಕಾರ ಹಾಳೆ ಇರಲೇಬೇಕಾದ ಕೊನೆಯ ದಿನ ಇವತ್ತು, ಆದ್ದರಿಂದ ಓಡಿ ಬಂದದ್ದು.

ಮತ್ತೆ ಸಾಹೇಬರು ಫೈಲು ಬಿಚ್ಚಿ ಕಾಗದ ಕೊಟ್ಟರು. ಲಿಖಿತ ಆದೇಶ. ಮೊಹರು, ಸಂಖ್ಯೆ, ಸಹಿ, ಎಲ್ಲ ಇದ್ದದ್ದು. ಹದಿನೆಂಟು ವರ್ಷ ಕೇಳಿದ ಕಾಗದ ಮೊದಲ ಬಾರಿಗೆ ಕೈಗೆ ಬಂದಿತ್ತು.

ಅಕ್ಕ ಟ್ರಂಕು ತೆಗೆದು ಕಟ್ಟಿನ ಅಡಿಯ ಹಾಳೆ ಎಳೆದರು. ಮಾರ್ಚ್ ಹನ್ನೊಂದು. ಮತ್ತೆ ನೋಡಿದರು. ಹನ್ನೊಂದೇ. ಕಟ್ಟು ಎಣಿಸಿದರೆ ಲೆಕ್ಕ ಸರಿಯಾಗಿಯೇ ಇದೆ. ಆಗ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಈ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ನಾಲ್ಕು ವರ್ಷಕ್ಕೊಮ್ಮೆ ಬರುವ ಆ ನೆಂಟ ಕಟ್ಟಿನ ಮೇಲೆ ಕೂತು, ಅಡಿಯಿಂದ ಒಂದು ಹಾಳೆಯನ್ನು ಒಂದು ದಿನ ಮೊದಲೇ ತಳ್ಳಿದ್ದ. ಹತ್ತನೇ ತಾರೀಕಿನ ಹಾಳೆ ಬೆಳಗ್ಗೆ ಆರಕ್ಕೆ ನಾಲ್ಕು ತುಂಡಾಗಿ ಬಕೆಟ್ಟಿಗೆ ಬಿದ್ದಾಗಿತ್ತು.

ಅವಧಿಗೆ ಮುಂಚೆ ಹಾಳೆ ನಾಶವಾದರೆ ಲೈಸೆನ್ಸು ರದ್ದು. ಬೇಕೆಂದೇ ಮಾಡಿದ್ದೆಂದಾದರೆ ಜೈಲು. ಇದು ಒಂಬತ್ತನೆಯ ಪುಟ. ಒಂದು ನಿಮಿಷ ಎಂದು ಹೇಳಿ ಅಕ್ಕ ಹಿಂದಿನ ಅಂಗಳಕ್ಕೆ ಹೋದರು. ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಪಿಸುಗುಟ್ಟುತ್ತಾ, ಎರಡು ಸಲ ಹಿಸುಕಿದರೆ ಕಥೆ ಮುಗಿಯುತ್ತೆ, ಇಲಿ ತಿಂತು ಅನ್ನೋಣ, ಪಾಪದ ಬಡಗಿಯ ಹೆಸರು ಅದರಲ್ಲಿದ್ದರೆ ನಿನ್ನ ಕೈಯಾರೆ ಅವನನ್ನು ಒಪ್ಪಿಸಿದ ಹಾಗಾಗುತ್ತೆ ಎಂದರು.

ಹಾಳೆಯಲ್ಲಿ ಏನಿತ್ತೆಂದು ಅಕ್ಕನಿಗೆ ನೆನಪಿರಲಿಲ್ಲ. ವರ್ಷದ ಹಿಂದಿನ ಸಂಜೆ ನಾಲ್ಕು ಗಂಟೆ ಯಾರಿಗೆ ನೆನಪಿರುತ್ತದೆ? ಬಡಗಿ ವಾರಕ್ಕೆ ಮೂರು ಸಲ ಬರುವವರು. ಕೈ ನೀರಿನೊಳಗೆ ಹೋಯಿತು, ತುಂಡುಗಳ ಮೇಲೆ ನಿಂತಿತು. ಈಗಲೂ ಆ ಹೊತ್ತಿನ ಬಗ್ಗೆ ಹೇಳುವಾಗ ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಳ್ಳುತ್ತಾರೆ.

"ಕಾಗದ ತನ್ನಿ ಅಂತ ಇಷ್ಟು ವರ್ಷ ಹೇಳಿದೀನಿ ಅತ್ತೆ. ತಂದಿದಾರೆ. ಇವತ್ತು ನಾನು ಹಿಸುಕಿದ್ರೆ, ನಾಳೆ ಇನ್ಯಾರಿಗೂ ಕಾಗದ ತನ್ನಿ ಅನ್ನೋಕೆ ನನಗೆ ಬಾಯಿ ಇರಲ್ಲ."

ಬಕೆಟ್ಟನ್ನು ಹಾಗೇ ಎತ್ತಿ ತಂದು ಸಾಹೇಬರ ಮುಂದಿಟ್ಟು, ಇಪ್ಪತ್ತೊಂಬತ್ತರ ಕಥೆ ಹೇಳಿದರು. ಸಾಹೇಬರು ಬಕೆಟ್ಟಿನೊಳಗೆ ಇಣುಕಿದರು. ಇಂಥ ಸಂದರ್ಭಕ್ಕೆ ಫೈಲಿನಲ್ಲಿ ಏನೂ ಇರಲಿಲ್ಲವಾದ್ದರಿಂದ 'ಒಣಗಿಸಿ ಓದೋಣ' ಎಂದು, ಮೊದಲ ಸಲ 'ಅಂತ ಇದೆ' ಇಲ್ಲದ ಮಾತಾಡಿದರು.

ಆರನೆಯ ಕಂಪ್ಯೂಟರಿನದು ಬೆನ್ನುಬ್ಬಿದ ಹಳೆಯ ಪರದೆ. ಚಿತ್ರಕ್ಕಿಂತ ಶಾಖ ಚೆನ್ನಾಗಿ ಕೊಡುತ್ತದೆ. ತುಂಡುಗಳನ್ನು ಒಂದೊಂದಾಗಿ ಎತ್ತಿ ಅದರ ಬೆನ್ನಿನ ಮೇಲೆ ಹರಡಲಾಯಿತು. ಒಬ್ಬ ಪೇದೆ ಟೇಬಲ್ ಫ್ಯಾನು ಹಿಡಿದ, ಇನ್ನೊಬ್ಬ ಮೂಲೆಗಳು ಹಾರದಂತೆ ಒತ್ತಿ ನಿಂತ. ಬಾಣಂತಿಯ ಬಟ್ಟೆ ಒಣಗಿಸುವವರ ಶ್ರದ್ಧೆ. ಅಂಗಡಿಯಲ್ಲಿ ಬರೆಸುವುದೆಲ್ಲ ಬಾಲ್ ಪೆನ್ನಿನಲ್ಲಿ, ಹಾಗಾಗಿ ಅಕ್ಷರ ಮಾಸಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ನಾಲ್ಕು ತುಂಡುಗಳನ್ನು ಗಾಜಿನ ಮೇಲೆ ಜೋಡಿಸಿದರು.

ಬಡಗಿಯ ಹೆಸರಿತ್ತು. ಬಂದದ್ದು ಹನ್ನೊಂದಕ್ಕೆ, ಹೋದದ್ದು ಹನ್ನೊಂದು ನಲವತ್ತಕ್ಕೆ, ನಾಲ್ಕನೆಯ ಕಂಪ್ಯೂಟರು. ಅದರ ಕೆಳಗೆ ಆರು ಹೆಸರು. ಅದರ ಕೆಳಗೆ ಹಾಳೆಯ ಉದ್ದಕ್ಕೂ ಅಕ್ಕನದೇ ದುಂಡಗಿನ ಬರಹ: 'ಎರಡರಿಂದ ರಾತ್ರಿವರೆಗೆ ಕರೆಂಟ್ ಇಲ್ಲ. ಅಂಗಡಿ ಮುಚ್ಚಿದೆ.'

ಕರೆಂಟೇ ಇಲ್ಲದ ಅಂಗಡಿಯಿಂದ ನಾಲ್ಕು ಗಂಟೆಗೆ ಸಂದೇಶ ಹೋಗಲು ಸಾಧ್ಯವಿಲ್ಲ. ಸಾಹೇಬರು ಅಲ್ಲಿಂದಲೇ ಇಂಟರ್ನೆಟ್ ಕಂಪನಿಗೂ ವಿದ್ಯುತ್ ಕಚೇರಿಗೂ ಫೋನು ಹಚ್ಚಿದರು. ಕಂಪನಿಯ ವಿಳಾಸಗಳು ಬಾಡಿಗೆ ಸೈಕಲ್ಲಿದ್ದಂತೆ. ಒಬ್ಬರು ಇಳಿದ ಕೂಡಲೇ ಇನ್ನೊಬ್ಬರು ಹತ್ತುತ್ತಾರೆ. ಎರಡು ಗಂಟೆಗೆ ಅಂಗಡಿ ಬಿಟ್ಟ ವಿಳಾಸವನ್ನು ನಾಲ್ಕಕ್ಕೆ ಯಾರೋ ಬೇರೆಯವರು ತುಳಿಯುತ್ತಿದ್ದರು. ಬಡಗಿ ಸಂಜೆಯೊಳಗೆ ಮನೆಗೆ ಬಂದರು. ಒಂದು ದಿನದ ಎಣಿಕೆ ತಪ್ಪಿಗೆ ಅಕ್ಕನಿಗೆ ಎಚ್ಚರಿಕೆಯ ಪತ್ರ ಬಂತು, ಅದರ ಹಿಂದೆಯೇ ಲೈಸೆನ್ಸಿನ ನವೀಕರಣವೂ ಬಂತು.

"ಹಿಸುಕಿದ್ದಿದ್ರೆ ನನ್ನನ್ನೂ ಅವನನ್ನೂ ಉಳಿಸೋ ಸಾಲನ್ನೇ ಹಿಸುಕ್ತಿದ್ದೆ" ಎನ್ನುತ್ತಾರೆ ಅಕ್ಕ. ಹಾಗಂತ ರಿಜಿಸ್ಟರಿನ ಮೇಲೆ ಅವರಿಗೆ ಪ್ರೀತಿ ಹುಟ್ಟಿಲ್ಲ. ಬಡಗಿಯನ್ನು ಒಂದು ರಾತ್ರಿ ಕೂರಿಸಿದ್ದೂ ಯಾರು ಎಲ್ಲಿಂದ ಬರೆದರೆಂದು ಕೂಡಿಟ್ಟ ಇಂಥದೇ ಕಾಗದವಲ್ಲವೇ ಎಂದು ಕೇಳುತ್ತಾರೆ. ಈಗ ಕಟ್ಟನ್ನು ಎಣಿಸುವುದಿಲ್ಲ, ತಾರೀಕು ಓದಿ ನೆನೆಸುತ್ತಾರೆ. ಇಪ್ಪತ್ತೊಂಬತ್ತನ್ನು ಅತ್ತೆ ತಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪಿನಲ್ಲಿ ಬರೆದು, ಅದಕ್ಕೂ ಸಾಕ್ಷಿ ಸಹಿ ಹಾಕಿದ್ದಾರೆ.

ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಮೊದಲ ಗಿರಾಕಿ ಬಡಗಿಯೇ. ಹೆಸರು ಬರೆದು ಸಹಿ ಮಾಡಿ, ಕಿವಿಯ ಪೆನ್ಸಿಲ್ಲನ್ನು ಮೇಜಿನ ಮೇಲಿನ ಬಟ್ಟಲಲ್ಲಿಟ್ಟು, ನಾಲ್ಕನೆಯ ಕಂಪ್ಯೂಟರಿಗೆ ಹೋಗುತ್ತಾರೆ. ಹನ್ನೆರಡನೆಯ ದೂರು ಇವತ್ತು. ಈ ಸಲ ಯಾವ ಪದ ಬಳಸಲಿ ಎಂದು ಯಾರನ್ನೂ ಕೇಳುವುದಿಲ್ಲ.

ಪೆನ್ಸಿಲ್ಲಿಟ್ಟ ಬಟ್ಟಲು ಸಾಲಿನ ಉಳಿದ ಬಟ್ಟಲುಗಳಿಗಿಂತ ಒಂದಿಷ್ಟು ಗಿಡ್ಡ. ಅದು ಆ ಮಾರ್ಚಿನದು, ಒಂದು ಹಾಳೆಯಷ್ಟು ಕಡಿಮೆ. ಆ ಹಾಳೆ ಸಾಹೇಬರ ಫೈಲಿನಲ್ಲಿದೆ, ಬಡಗಿಯ ಹೆಸರಿನ ಜೊತೆ ಆ ದಿನ ಬಂದ ಉಳಿದವರ ಹೆಸರುಗಳನ್ನೂ ಹೊತ್ತುಕೊಂಡು. ಅದನ್ನು ಹಿಂದಿರುಗಿಸಿ ಎಂದು ಅಕ್ಕ ಅರ್ಜಿ ಹಾಕಿದ್ದಾರೆ. ಪರಿಶೀಲನೆಯಲ್ಲಿದೆ ಅಂತ ಇದೆ ಎಂದು ಉತ್ತರ ಬಂದಿದೆ. ಅವರು ಎರಡನೆಯ ಅರ್ಜಿ ಟೈಪು ಮಾಡುತ್ತಿದ್ದಾರೆ, ಅಪ್ಪ ಕಲಿಸಿದ ಹಾಗೆ, ಕೀಲಿಮಣೆ ನೋಡದೆ.

"ನನಗೇನೂ ದೊಡ್ಡ ಆಸೆ ಇಲ್ಲ" ಎನ್ನುತ್ತಾರೆ. "ಕೇಸು ಮುಗಿದಿದೆ, ವರ್ಷಾನೂ ತುಂಬಿದೆ. ಇನ್ನು ಅದನ್ನು ನೆನೆಸಬೇಕು. ಅವರಿಗೆ ಬಕೆಟ್ ಇಲ್ಲದಿದ್ರೆ ನಮ್ಮದನ್ನೇ ಕೊಡ್ತೀನಿ."